ಬೀಟಿನಿಂದ ಅರಣ್ಯ ಭವನದವರೆಗೆ: ಚಾಮರಾಜನಗರ, ಗುಂಡ್ಲುಪೇಟೆ ಕಾಡುಗಳ ಆಡಳಿತ ಮತ್ತು ಅರಣ್ಯ ನೌಕರರ ಸಂಘಟನೆ

ಗುಂಡ್ಲುಪೇಟೆಯಿಂದ ಊಟಿಯ ದಾರಿ ಹಿಡಿದರೆ ಮೇಲುಕಾಮನಹಳ್ಳಿ, ಸುಲ್ತಾನ್ ಬತ್ತೇರಿಯ ದಾರಿ ಹಿಡಿದರೆ ಮದ್ದೂರು ಮತ್ತು ಮೂಲೆಹೊಳೆ, ಚಾಮರಾಜನಗರದಿಂದ ಸತ್ಯಮಂಗಲದ ಕಡೆ ಹೊರಟರೆ ಪುಣಜನೂರು. ನಮ್ಮ ಜಿಲ್ಲೆಯಿಂದ ನೆರೆ ರಾಜ್ಯಕ್ಕೆ ಹೋಗುವ ಈ ದಾರಿಗಳಲ್ಲೆಲ್ಲ ಅರಣ್ಯ ಇಲಾಖೆಯ ಚೆಕ್‌ಪೋಸ್ಟ್ ದಾಟಲೇಬೇಕು. ಜಿಲ್ಲೆಯ ಸುಮಾರು ಅರ್ಧ ಭಾಗ ಕಾಡು. ಬಂಡೀಪುರ ಮತ್ತು ಬಿಳಿಗಿರಿರಂಗನಾಥಸ್ವಾಮಿ ದೇವಾಲಯ ಹುಲಿ ಸಂರಕ್ಷಿತ ಪ್ರದೇಶಗಳು, ಮಲೆ ಮಹದೇಶ್ವರ ಮತ್ತು ಕಾವೇರಿ ವನ್ಯಜೀವಿ ಧಾಮಗಳು ಪೂರ್ತಿಯಾಗಿಯೋ ಭಾಗಶಃವೋ ಇಲ್ಲಿಯೇ ಇವೆ. ಇಲ್ಲಿ ಅರಣ್ಯ ಇಲಾಖೆಯೊಡನೆ ವ್ಯವಹಾರವಿಲ್ಲದ ಮನೆ ಕಡಿಮೆ. ಬೆಳೆ ಪರಿಹಾರಕ್ಕೆ, ದನ ಸತ್ತದ್ದಕ್ಕೆ, ಸೌದೆಗೆ, ಜೇನಿಗೆ, ಕಂದಕಕ್ಕೆ, ಕೂಲಿಗೆ ಯಾರಾದರೂ ಒಬ್ಬರು ರೇಂಜ್ ಕಚೇರಿಯ ಮೆಟ್ಟಿಲು ಹತ್ತಿಯೇ ಇರುತ್ತಾರೆ.

ಈ ಕಾಡುಗಳ ಆಡಳಿತ ಬೆಳೆದು ಬಂದ ಬಗೆಯನ್ನೂ ಅದನ್ನು ನಡೆಸಿದ ನೌಕರರು ಸಂಘಟಿತರಾದ ರೀತಿಯನ್ನೂ ಒಟ್ಟಿಗೆ ನೋಡುವ ಪ್ರಯತ್ನ ಇದು. ಇಲ್ಲಿ ಗಟ್ಟಿಯಾಗಿ ನಿಂತ ಕೆಲಸಗಳ ಹಿಂದೆ ಬೀಟಿನಲ್ಲಿ, ಅಂದರೆ ತನ್ನ ಗಸ್ತಿನ ಪಾಲಿನ ಕಾಡಿನಲ್ಲಿ, ನಡೆದಾಡುವವನ ಮಾತು ಮೇಲಿನವರ ಕಿವಿಗೆ ಬಿದ್ದ ಕಥೆಯಿದೆ. ಆ ಮಾತು ನಡುವೆಯೇ ಎಲ್ಲೋ ನಿಂತುಹೋದಾಗಲೆಲ್ಲ ಬೆಲೆ ತೆತ್ತದ್ದು ಕಾಡು, ಇಲ್ಲವೇ ಕಾಡು ಕಾಯುವವನು.

ಎರಡು ಸರ್ಕಾರ, ಎರಡು ಕಾನೂನು

ಮೈಸೂರು ಸಂಸ್ಥಾನದಲ್ಲಿ ಅರಣ್ಯ ಇಲಾಖೆ ಹುಟ್ಟಿದ್ದು 1864ರಲ್ಲಿ, ಕಮಿಷನರುಗಳ ಆಳ್ವಿಕೆಯ ಕಾಲದಲ್ಲಿ. ಆಗ ಇಲಾಖೆಯ ಕಣ್ಣಿದ್ದುದು ತೇಗ, ಬೀಟೆ, ಹೊನ್ನೆ, ಮತ್ತಿಗಳ ಮೇಲೆ. ಎಲ್ಲಕ್ಕಿಂತ ಹೆಚ್ಚಾಗಿ ಶ್ರೀಗಂಧದ ಮೇಲೆ. ಟಿಪ್ಪುವಿನ ಕಾಲದಿಂದ ರಾಜಮರವೆನಿಸಿಕೊಂಡಿದ್ದ ಗಂಧ ಯಾರ ಹೊಲದಲ್ಲಿ ಬೆಳೆದರೂ ಸರ್ಕಾರದ ಸ್ವತ್ತು. ಮರ ಕಾಯುವ ಕಷ್ಟ ರೈತನಿಗೆ, ಮರ ಸರ್ಕಾರಕ್ಕೆ ಎಂಬ ಈ ಏರ್ಪಾಡು ಬದಲಾಗಲು 2001ರ ತಿದ್ದುಪಡಿಯವರೆಗೆ ಕಾಯಬೇಕಾಯಿತು. ಗಾರ್ಡಿಗೂ ರೈತನಿಗೂ ನಡುವೆ ಬೆಳೆದ ಹಳೆಯ ಅಪನಂಬಿಕೆಯ ಬೇರುಗಳಲ್ಲಿ ಒಂದು ಇಲ್ಲಿದೆ.

1900ರಲ್ಲಿ ಮೈಸೂರು ಅರಣ್ಯ ರೆಗ್ಯುಲೇಷನ್ ಬಂತು. ಚಾಮರಾಜನಗರ, ಗುಂಡ್ಲುಪೇಟೆಗಳು ಅದರಡಿ ಇದ್ದವು. ಬಿಳಿಗಿರಿರಂಗನ ಬೆಟ್ಟಸಾಲಿನ ಆಚೆಯ ಕೊಳ್ಳೇಗಾಲ ಮಾತ್ರ 1956ರ ರಾಜ್ಯ ಪುನರ್ವಿಂಗಡಣೆಯವರೆಗೂ ಮದ್ರಾಸಿನ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಅಲ್ಲಿ ನಡೆಯುತ್ತಿದ್ದುದು 1882ರ ಮದ್ರಾಸ್ ಅರಣ್ಯ ಕಾಯ್ದೆ. ಒಂದೇ ಬೆಟ್ಟಸಾಲು, ಒಂದೇ ಆನೆಹಿಂಡು, ಎರಡು ಕಾನೂನು, ಎರಡು ಖಜಾನೆ. ಗಡಿ ಕಾಯುವುದು ಇಲ್ಲಿನ ಅರಣ್ಯ ಕೆಲಸದ ಹುಟ್ಟುಗುಣವಾದದ್ದು ಹೀಗೆ. ಬೇರೆ ಬೇರೆ ಪ್ರಾಂತ್ಯಗಳಿಂದ ಬಂದ ಕಾನೂನುಗಳನ್ನು ಒಂದುಗೂಡಿಸಿದ್ದು 1963ರ ಅರಣ್ಯ ಕಾಯ್ದೆ ಮತ್ತು 1969ರ ನಿಯಮಗಳು. ಇಂದಿಗೂ ಗಂಧದ ತುಂಡು ಹಿಡಿದ ಗಾರ್ಡು ಮಹಜರು ಬರೆಯುವುದು ಈ ಕಾಯ್ದೆಯ ಕಲಮುಗಳಂತೆಯೇ.

ಆನೆ ಹಿಡಿಯುವ ಕೆಲಸವೂ ಚಾಮರಾಜನಗರದ ಹತ್ತಿರವೇ ಹೊಸ ರೂಪ ಪಡೆಯಿತು. ಮೈಸೂರಿನಲ್ಲಿ ಕಾಲುವೆಗಳ ಅಧಿಕಾರಿಯಾಗಿದ್ದ ಜಿ.ಪಿ. ಸ್ಯಾಂಡರ್ಸನ್ 1874ರಲ್ಲಿ ಇಲ್ಲಿ ಖೆಡ್ಡಾ ನಡೆಸಿ ಇಡೀ ಹಿಂಡನ್ನು ಹಿಡಿದ. ಆನೆ ಎಲ್ಲಿ ನೀರಿಗೆ ಇಳಿಯುತ್ತದೆ, ಯಾವ ಕಣಿವೆ ದಾಟುತ್ತದೆ ಎಂಬುದನ್ನು ಅವನಿಗೆ ತೋರಿಸಿಕೊಟ್ಟವರು ಊರಿನ ಜಾಡುಗಾರರು. 1878ರ ತನ್ನ ಪುಸ್ತಕದಲ್ಲಿ ಅವನು ಆ ಜನರನ್ನು ಮೆಚ್ಚಿ ಬರೆದಿದ್ದಾನೆ. ಇಲಾಖೆಯ ಕಡತಗಳಲ್ಲಿ ಅವರ ಹೆಸರಿಗೆ ಜಾಗ ಸಿಕ್ಕಿದ್ದು ಕಡಿಮೆ.

ಮರದ ಲೆಕ್ಕದಿಂದ ಹುಲಿಯ ಲೆಕ್ಕಕ್ಕೆ

1931ರಲ್ಲಿ ಬಂಡೀಪುರದ ಸುತ್ತಿನ 90 ಚದರ ಕಿಲೋಮೀಟರ್ ಕಾಡನ್ನು ವನ್ಯಪ್ರಾಣಿಗಳಿಗೆಂದು ಮೀಸಲಿಡಲಾಯಿತು. ಅಷ್ಟು ಚಿಕ್ಕ ಜಾಗ ಸಾಲದೆಂದು ಹತ್ತು ವರ್ಷದಲ್ಲೇ ತಿಳಿಯಿತು. 1941ರಲ್ಲಿ ಸುಮಾರು 800 ಚದರ ಕಿಲೋಮೀಟರಿನ ವೇಣುಗೋಪಾಲ ವನ್ಯಜೀವಿ ಉದ್ಯಾನ ಆಯಿತು. ಹಿಮವದ್ ಗೋಪಾಲಸ್ವಾಮಿ ಬೆಟ್ಟದ ದೇವರ ಹೆಸರಿನ ಈ ಉದ್ಯಾನವೇ ಇಂದಿನ ಬಂಡೀಪುರದ ತಳಹದಿ. ಸ್ವತಂತ್ರ ಭಾರತದ ವನ್ಯಜೀವಿ ಮಂಡಳಿಯ ಮೊದಲ ಸಭೆ 1952ರಲ್ಲಿ ಮೈಸೂರಿನಲ್ಲಿ, ಜಯಚಾಮರಾಜ ಒಡೆಯರ ಅಧ್ಯಕ್ಷತೆಯಲ್ಲಿ ಸೇರಿದ್ದಕ್ಕೂ ಈ ಹಿನ್ನೆಲೆ ಇದೆ.

ಆದರೂ ಆಗಿನ ಫಾರೆಸ್ಟರನ ದಿನಚರಿ ತುಂಬ ಇದ್ದುದು ಮರವೇ. ವರ್ಕಿಂಗ್ ಪ್ಲಾನಿನಂತೆ ಕೂಪು ಗುರುತು ಮಾಡು, ಸುತ್ತಿಗೆ ಮುದ್ರೆ ಒತ್ತು, ದಿಮ್ಮಿಗಳ ಉದ್ದ ಸುತ್ತಳತೆ ಬರೆದುಕೋ, ಡಿಪೋಗೆ ಸಾಗಿಸು, ಹರಾಜು ನಡೆಸು. ಎಷ್ಟು ಆದಾಯ ತಂದ ಎಂಬುದರ ಮೇಲೆ ಒಬ್ಬ ರೇಂಜರನ ಹೆಸರು ನಿಲ್ಲುತ್ತಿತ್ತು. 1968ರಲ್ಲಿ ದೊಡ್ಡರೋಗ ಬಂದು ಕಾಟಿಗಳು ಸಾಲುಸಾಲಾಗಿ ಸತ್ತಾಗ, ಊರ ದನದ ರೋಗ ಕಾಡನ್ನು ಹೇಗೆ ಬರಿದು ಮಾಡಬಲ್ಲದು ಎಂಬುದು ಎಲ್ಲರಿಗೂ ಕಂಡಿತು.

1973ರಲ್ಲಿ ಹುಲಿ ಯೋಜನೆ ಆರಂಭವಾದಾಗ ದೇಶದಲ್ಲಿ ಆರಿಸಿದ ಒಂಬತ್ತು ಕಾಡುಗಳಲ್ಲಿ ಬಂಡೀಪುರವೂ ಒಂದು. ಮರು ವರ್ಷ ರಾಷ್ಟ್ರೀಯ ಉದ್ಯಾನದ ಅಧಿಸೂಚನೆ ಹೊರಟಿತು. ಕೋರ್ ಪ್ರದೇಶದಲ್ಲಿ ಮರ ಕಡಿತ ನಿಂತಿತು, ದನ ಮೇಯಿಸುವುದು ನಿಂತಿತು. ಮರದ ಲೆಕ್ಕ ಬರೆದು ನೌಕರಿ ಕಲಿತವರು ಹೆಜ್ಜೆ ಗುರುತು, ಹಿಕ್ಕೆ, ನೀರಿನ ಗುಂಡಿಗಳ ಲೆಕ್ಕ ಕಲಿಯಬೇಕಾಯಿತು. ನೌಕರಿಯ ಸ್ವರೂಪವೇ ಬದಲಾದ ಈ ಕಾಲದಲ್ಲಿ ಹೊಸ ವಿದ್ಯೆ ಕಲಿಸಿದವರು ಹೆಚ್ಚಾಗಿ ಸೋಲಿಗ, ಜೇನುಕುರುಬ ವಾಚರುಗಳು. ಡೆಹ್ರಾಡೂನಿನಲ್ಲೋ ಕೊಯಮತ್ತೂರಿನಲ್ಲೋ ತರಬೇತಿ ಪಡೆದು ಬಂದ ಅಧಿಕಾರಿ ಅವರ ಹಿಂದೆ ನಡೆದೇ ಈ ಕಾಡನ್ನು ಓದಲು ಕಲಿತ.

ಆಡಳಿತದ ಏಣಿಯೂ ಈ ನಡುವೆ ಉದ್ದವಾಯಿತು. ಕೆಳಗಿನಿಂದ ಎಣಿಸಿದರೆ ವಾಚರು, ಗಾರ್ಡು (ಈಗಿನ ಗಸ್ತು ಅರಣ್ಯ ಪಾಲಕ), ಉಪ ವಲಯ ಅರಣ್ಯಾಧಿಕಾರಿ (ಫಾರೆಸ್ಟರ್), ವಲಯ ಅರಣ್ಯಾಧಿಕಾರಿ (ರೇಂಜರ್), ಸಹಾಯಕ ಅರಣ್ಯ ಸಂರಕ್ಷಣಾಧಿಕಾರಿ (ಎ.ಸಿ.ಎಫ್.), ಉಪ ಅರಣ್ಯ ಸಂರಕ್ಷಣಾಧಿಕಾರಿ (ಡಿ.ಸಿ.ಎಫ್.), ಅವರ ಮೇಲೆ ಸಂರಕ್ಷಣಾಧಿಕಾರಿಗಳ ಸಾಲು. ಬಂಡೀಪುರದಲ್ಲಿ ಬಂಡೀಪುರ, ಗುಂಡ್ಲುಪೇಟೆ, ಹೆಡಿಯಾಲ ಉಪವಿಭಾಗಗಳು. ಅವುಗಳಡಿ ಗೋಪಾಲಸ್ವಾಮಿ ಬೆಟ್ಟ, ಕುಂದಕೆರೆ, ಮದ್ದೂರು, ಓಂಕಾರ, ಮೂಲೆಹೊಳೆ ಮೊದಲಾದ ರೇಂಜುಗಳು. 1997ರ ಆಗಸ್ಟ್ 15ರಂದು ಚಾಮರಾಜನಗರ ಜಿಲ್ಲೆಯಾದ ಮೇಲೆ ಇಲ್ಲಿಗೇ ಒಂದು ಅರಣ್ಯ ವೃತ್ತವೂ ಬಂತು. 1985ರಲ್ಲಿ ಶಿರಸಿಯಲ್ಲಿ, 1995ರಲ್ಲಿ ಪೊನ್ನಂಪೇಟೆಯಲ್ಲಿ ಅರಣ್ಯ ಕಾಲೇಜುಗಳು ಶುರುವಾಗಿ, ಅರಣ್ಯಶಾಸ್ತ್ರದ ಪದವೀಧರರು ರೇಂಜರುಗಳಾಗಿ ಬರತೊಡಗಿದರು. ಕೆಳಗಿನಿಂದ ಬಡ್ತಿ ಪಡೆದು ಬಂದವರು ಮತ್ತು ನೇರ ನೇಮಕಾತಿಯವರ ನಡುವೆ ಜ್ಯೇಷ್ಠತೆಯ ತಕರಾರೂ ಇದರ ಜೊತೆಗೇ ಬಂತು. ಸಂಘಗಳ ಸಭೆಗಳಲ್ಲಿ ಹೆಚ್ಚು ಹೊತ್ತು ತಿನ್ನುವ ವಿಷಯಗಳಲ್ಲಿ ಇದು ಇಂದಿಗೂ ಒಂದು.

ವೀರಪ್ಪನ್ ವರ್ಷಗಳು

ಈ ಜಿಲ್ಲೆಯ ಅರಣ್ಯ ಸಿಬ್ಬಂದಿಯ ನೆನಪನ್ನು ಎರಡು ಭಾಗ ಮಾಡಿದ ಕಾಲ ಇದು. 1986ರಲ್ಲಿ ಕಾಡುಗಳ್ಳ ವೀರಪ್ಪನ್ ಸೆರೆಸಿಕ್ಕಿ ಬೂದಿಪಡಗದ ಅರಣ್ಯ ವಸತಿಗೃಹದಲ್ಲಿದ್ದಾಗ ತಪ್ಪಿಸಿಕೊಂಡ. ಮುಂದಿನ ಹದಿನೆಂಟು ವರ್ಷ ಆನೆದಂತ, ಶ್ರೀಗಂಧ, ಅಪಹರಣ, ಕೊಲೆಗಳ ಸರಣಿಯೇ ನಡೆಯಿತು.

ಅವನ ಬೆನ್ನು ಹತ್ತಿದ ಅರಣ್ಯಾಧಿಕಾರಿ ಪಿ. ಶ್ರೀನಿವಾಸ್ ಬಂದೂಕನ್ನಷ್ಟೇ ನೆಚ್ಚಲಿಲ್ಲ. ವೀರಪ್ಪನ್ ಹುಟ್ಟೂರಾದ ಗೋಪಿನಾಥಂನಲ್ಲಿಯೇ ಜನರ ನಡುವೆ ಇದ್ದು, ಊರಿಗೆ ಮಾರಿಯಮ್ಮನ ಗುಡಿ ಕಟ್ಟಿಸಿ, ಔಷಧ ಒದಗಿಸಿ, ಕಾಡುಗಳ್ಳತನದ ದಾರಿ ಹಿಡಿದ ಹಲವರನ್ನು ಹಿಂದಕ್ಕೆ ಕರೆತಂದರು. ಶರಣಾಗುತ್ತೇನೆಂದು ನಂಬಿಸಿ ಕರೆಸಿಕೊಂಡ ವೀರಪ್ಪನ್ 1991ರ ನವೆಂಬರ್ 10ರಂದು ಎರಕೆಯಂ ಕಾಡಿನಲ್ಲಿ ಅವರನ್ನು ಕೊಂದ. ಮರುವರ್ಷ ದೇಶ ಅವರಿಗೆ ಮರಣೋತ್ತರ ಕೀರ್ತಿ ಚಕ್ರ ನೀಡಿತು. ಗೋಪಿನಾಥಂನ ಜನ ಇಂದಿಗೂ ಅವರನ್ನು ತಮ್ಮವರೆಂದೇ ನೆನೆಯುತ್ತಾರೆ.

1997ರಲ್ಲಿ ಬುರುಡೆ ಕಾಡಿನಿಂದ ಒಂಬತ್ತು ಮಂದಿ ಅರಣ್ಯ ಸಿಬ್ಬಂದಿಯನ್ನು ವೀರಪ್ಪನ್ ಒತ್ತೆಯಿಟ್ಟುಕೊಂಡ. ವಾರಗಟ್ಟಲೆ ಕಾಡಿನಲ್ಲಿ ಅಲೆಸಿ ಬಿಟ್ಟ. ಅದೇ ವರ್ಷದ ಅಕ್ಟೋಬರಿನಲ್ಲಿ ಬಂಡೀಪುರದಿಂದಲೇ ವನ್ಯಜೀವಿ ಛಾಯಾಗ್ರಾಹಕರಾದ ಕೃಪಾಕರ ಮತ್ತು ಸೇನಾನಿಯವರ ಅಪಹರಣವಾಯಿತು. ವೀರಪ್ಪನ್‌ನನ್ನು ಹಿಡಿಯಲು ವಿಶೇಷ ಕಾರ್ಯಪಡೆ ಕಾಡಿಗಿಳಿದ ಮೇಲೆ ಹಲವು ಕಡೆ ಅರಣ್ಯ ಸಿಬ್ಬಂದಿಯ ಒಳಗಸ್ತು ಕುಗ್ಗಿತು. ಒಂದು ಕಡೆ ವೀರಪ್ಪನ್ ಭಯ, ಇನ್ನೊಂದು ಕಡೆ ಮಾಹಿತಿದಾರನೆಂಬ ಅನುಮಾನ. ಕಾಡಂಚಿನ ಊರಿನ ವಾಚರಿಗೆ ಈ ಎರಡರ ನಡುವೆ ನೌಕರಿ ಮಾಡುವ ಹಣೆಬರಹ. 2004ರ ಅಕ್ಟೋಬರ್ 18ರಂದು ವೀರಪ್ಪನ್ ಕಥೆ ಮುಗಿದಾಗ, ಮುಚ್ಚಿದ್ದ ಕ್ಯಾಂಪುಗಳನ್ನು ಮತ್ತೆ ತೆರೆಯುವುದು, ಬಿಟ್ಟುಹೋದ ಜಾಡುಗಳನ್ನು ಮತ್ತೆ ತುಳಿಯುವುದು ಒಂದು ಇಡೀ ಪೀಳಿಗೆಯ ಕೆಲಸವಾಯಿತು. ಸೇವೆಯಲ್ಲಿ ಸತ್ತವರ ಕುಟುಂಬಕ್ಕೆ ಪರಿಹಾರ, ಅನುಕಂಪದ ನೌಕರಿ, ವಿಮೆ, ಆಯುಧ ತರಬೇತಿ ಎಂಬ ಬೇಡಿಕೆಗಳು ನೌಕರರ ಮನವಿಗಳಲ್ಲಿ ಮೊದಲ ಸಾಲಿಗೆ ಬಂದುದಕ್ಕೂ ಈ ವರ್ಷಗಳೇ ಕಾರಣ.

ಪ್ರತಿ ವರ್ಷ ಸೆಪ್ಟೆಂಬರ್ 11ರಂದು ಆಚರಿಸುವ ರಾಷ್ಟ್ರೀಯ ಅರಣ್ಯ ಹುತಾತ್ಮರ ದಿನ 1730ರಲ್ಲಿ ರಾಜಸ್ಥಾನದ ಖೇಜಡ್ಲಿಯಲ್ಲಿ ಬನ್ನಿ ಮರಗಳಿಗಾಗಿ ಪ್ರಾಣ ಕೊಟ್ಟ ಬಿಷ್ಣೋಯಿಗಳ ನೆನಪಿನದು. ನಮ್ಮ ಜಿಲ್ಲೆಯಲ್ಲಿ ಅಂದು ಶ್ರೀನಿವಾಸ್ ಅವರ ಹೆಸರು ಓದುವಾಗ ಕೇಳುವವರಲ್ಲಿ ಅವರೊಡನೆ ಕಾಡು ಸುತ್ತಿದವರೂ ಇರುತ್ತಾರೆ.

ಬೆಂಕಿ, ರಸ್ತೆ, ಸೋಲಿಗರು

ಡಿಸೆಂಬರಿನಿಂದ ಬೆಂಕಿ ರೇಖೆ ಹೆರೆಯುವುದು, ರಸ್ತೆ ಬದಿಯ ಒಣಹುಲ್ಲು ಸುಟ್ಟು ವ್ಯೂ ಲೈನ್ ತೆಗೆಯುವುದು, ಜನವರಿಯಿಂದ ಫೈರ್ ವಾಚರುಗಳನ್ನು ನೇಮಿಸುವುದು ಬಂಡೀಪುರದ ವಾರ್ಷಿಕ ಕ್ರಮ. ಇಷ್ಟಿದ್ದೂ 2017ರ ಫೆಬ್ರವರಿಯಲ್ಲಿ ಕಲ್ಕೆರೆ ವಲಯದಲ್ಲಿ ಬೆಂಕಿ ನಂದಿಸುತ್ತಿದ್ದ ಗಾರ್ಡ್ ಮುರುಗೆಪ್ಪ ಜೀವ ಬಿಟ್ಟರು. 2019ರ ಫೆಬ್ರವರಿಯಲ್ಲಿ ಕುಂದಕೆರೆ ಮತ್ತು ಗೋಪಾಲಸ್ವಾಮಿ ಬೆಟ್ಟದ ಕಡೆ ಎದ್ದ ಬೆಂಕಿ ಸಾವಿರಾರು ಎಕರೆ ಸುಟ್ಟು, ವಾಯುಪಡೆಯ ಹೆಲಿಕಾಪ್ಟರುಗಳು ನೀರು ಸುರಿಯಬೇಕಾಯಿತು. ಆಕಾಶದಿಂದ ನೀರು ಬಿದ್ದದ್ದು ಟೀವಿಯಲ್ಲಿ ಬಂತು. ಹಸಿ ಸೊಪ್ಪಿನ ಕೊಂಬೆ ಹಿಡಿದು ಹಗಲು ರಾತ್ರಿ ಬೆಂಕಿ ಬಡಿದವರಲ್ಲಿ ಗಾರ್ಡು, ವಾಚರು, ಸುತ್ತಲ ಊರಿನವರು, ಸ್ವಯಂಸೇವಕರು ಎಲ್ಲರೂ ಇದ್ದರು.

ಬಿಳಿಗಿರಿರಂಗನ ಬೆಟ್ಟದ ಸೋಲಿಗರಿಗೆ ಬೆಂಕಿಯ ಬಗ್ಗೆ ತಮ್ಮದೇ ತಿಳಿವಳಿಕೆ ಇದೆ. ವರ್ಷದ ಆರಂಭದಲ್ಲಿ ತರಗೆಲೆ ಮಾತ್ರ ಸುಡುವ ತಣ್ಣನೆಯ ಬೆಂಕಿಯನ್ನು ಅವರು ತರಗು ಬೆಂಕಿ ಎನ್ನುತ್ತಾರೆ. ಆ ಪದ್ಧತಿ ನಿಂತ ಮೇಲೆ ಲಂಟಾನ ಹಬ್ಬಿತು, ಒಣ ಪೊದೆ ಬೆಳೆದು ಬೆಂಕಿ ಮರದ ತುದಿಗೇರಿತು ಎಂಬುದು ಅವರ ವಾದ. ಸಂಶೋಧಕರು ಇದನ್ನು ಗಂಭೀರವಾಗಿ ತೆಗೆದುಕೊಂಡಿದ್ದಾರೆ. ಇಲಾಖೆಯೊಳಗೆ ಈ ಚರ್ಚೆ ಇನ್ನೂ ಮುಗಿದಿಲ್ಲ.

ಇದೇ ಬೆಟ್ಟ 1974ರಲ್ಲಿ ವನ್ಯಜೀವಿ ಧಾಮವಾಯಿತು, 2011ರ ಆರಂಭದಲ್ಲಿ ಹುಲಿ ಸಂರಕ್ಷಿತ ಪ್ರದೇಶವಾಯಿತು. ಅದೇ ವರ್ಷದ ಅಕ್ಟೋಬರಿನಲ್ಲಿ 2006ರ ಅರಣ್ಯ ಹಕ್ಕು ಕಾಯ್ದೆಯಡಿ ಇಲ್ಲಿನ 25 ಗ್ರಾಮಸಭೆಗಳಿಗೆ ಸಮುದಾಯ ಹಕ್ಕುಪತ್ರ ಸಿಕ್ಕಿತು. ಹುಲಿ ಸಂರಕ್ಷಿತ ಪ್ರದೇಶವೊಂದರಲ್ಲಿ ಇಂಥ ಹಕ್ಕು ದೇಶದಲ್ಲೇ ಮೊದಲು. 1981ರಲ್ಲಿ ಡಾ. ಎಚ್. ಸುದರ್ಶನ್ ಕಟ್ಟಿದ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ, ಸೋಲಿಗರ ಲ್ಯಾಂಪ್ಸ್ ಸಹಕಾರ ಸಂಘಗಳು, ಸೋಲಿಗ ಅಭಿವೃದ್ಧಿ ಸಂಘಗಳು ಇದಕ್ಕೆ ನೆಲ ಹದ ಮಾಡಿದ್ದವು. ಜೇನು, ನೆಲ್ಲಿ, ಪಾಚಿ ಸಂಗ್ರಹದ ಹಕ್ಕು ಗ್ರಾಮಸಭೆಗೆ ಬಂದ ಮೇಲೆ, ಅದುವರೆಗೆ ಅನುಮತಿ ಕೊಡುವವನಾಗಿದ್ದ ಫಾರೆಸ್ಟರ್ ಇನ್ನು ಜೊತೆಗೆ ಕೂತು ಮಾತಾಡುವವನಾಗಬೇಕಿತ್ತು. ಈ ಬದಲಾವಣೆ ಇಂದಿಗೂ ಎಲ್ಲ ಕಡೆ ಸಲೀಸಾಗಿಲ್ಲ.

ರಾತ್ರಿ ಸಂಚಾರ ನಿಷೇಧದ ಕಥೆ ಇನ್ನೊಂದು ಬಗೆಯದು. ರಸ್ತೆಯಲ್ಲಿ ಸತ್ತ ಜಿಂಕೆ, ಚಿರತೆ, ಆನೆಮರಿಗಳ ವರದಿಗಳು ವರ್ಷವರ್ಷ ಕಡತ ಸೇರುತ್ತಿದ್ದವು. 2009ರಲ್ಲಿ ಚಾಮರಾಜನಗರದ ಜಿಲ್ಲಾಧಿಕಾರಿ ಬಂಡೀಪುರದ ಎರಡು ಹೆದ್ದಾರಿಗಳಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಸಂಚಾರ ನಿಲ್ಲಿಸಿ ಆದೇಶ ಹೊರಡಿಸಿದರು. ಆದೇಶವನ್ನು ಒಮ್ಮೆ ಹಿಂಪಡೆದರೂ, 2010ರ ಮಾರ್ಚಿನಲ್ಲಿ ಹೈಕೋರ್ಟು ನಿಷೇಧವನ್ನು ಎತ್ತಿಹಿಡಿಯಿತು. ಕೇರಳ ಸುಪ್ರೀಂ ಕೋರ್ಟಿಗೆ ಹೋಯಿತು. ಗೇಟುಗಳು ಮಾತ್ರ ರಾತ್ರಿ 9ಕ್ಕೆ ಬೀಳುತ್ತಲೇ ಇವೆ. ಆಂಬುಲೆನ್ಸಿಗೂ ಕೆಲವೇ ಬಸ್ಸುಗಳಿಗೂ ಮಾತ್ರ ದಾರಿ. ಗಾರ್ಡು ಬರೆದ ಸಣ್ಣ ಸಣ್ಣ ಮಹಜರುಗಳು ಸೇರಿ ಒಂದು ದೊಡ್ಡ ನಿರ್ಧಾರವಾದದ್ದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಈ ಜಿಲ್ಲೆಯಲ್ಲಿಲ್ಲ.

ಸಂಘ ಎಂಬ ವ್ಯವಸ್ಥೆ

ಖಾಕಿ ತೊಟ್ಟರೂ ಅರಣ್ಯ ನೌಕರ ಸಂಘ ಕಟ್ಟಬಲ್ಲ. ಪೊಲೀಸರ ಸಂಘಗಳಿಗೆ 1966ರ ಕೇಂದ್ರ ಕಾಯ್ದೆ ಕಟ್ಟುಪಾಡು ಹಾಕಿದೆ. ಅರಣ್ಯ ಸಿಬ್ಬಂದಿ ಅದರ ವ್ಯಾಪ್ತಿಗೆ ಬರುವುದಿಲ್ಲ. ಸಂವಿಧಾನದ 19ನೇ ವಿಧಿ ಕೊಟ್ಟ ಸಂಘ ಸ್ವಾತಂತ್ರ್ಯ ಅವರಿಗೂ ಇದೆ. ಆದರೆ ಸರ್ಕಾರಿ ನೌಕರರಿಗೆ ಮುಷ್ಕರದ ಹಕ್ಕಿಲ್ಲವೆಂದು ಸುಪ್ರೀಂ ಕೋರ್ಟು 2003ರಲ್ಲಿ ಸ್ಪಷ್ಟವಾಗಿ ಹೇಳಿದೆ. ಆದ್ದರಿಂದ ಸಂಘದ ಕೈಯಲ್ಲಿ ಉಳಿಯುವ ಸಾಧನಗಳು ಮನವಿ, ಮಾತುಕತೆ, ನ್ಯಾಯಾಲಯ ಮತ್ತು ತನ್ನದೇ ಸದಸ್ಯರ ಒಗ್ಗಟ್ಟು.

ಕರ್ನಾಟಕದಲ್ಲಿ ಇಂಥ ಸಂಘಗಳು 1960ರ ಸಂಘಗಳ ನೋಂದಣಿ ಕಾಯ್ದೆಯಡಿ ನೋಂದಣಿ ಪಡೆಯುತ್ತವೆ. ಬೈಲಾ ಬೇಕು, ವರ್ಷಕ್ಕೊಮ್ಮೆ ಸರ್ವಸದಸ್ಯರ ಸಭೆ ಆಗಬೇಕು, ಆಡಿಟ್ ಆದ ಲೆಕ್ಕವನ್ನೂ ಪದಾಧಿಕಾರಿಗಳ ಪಟ್ಟಿಯನ್ನೂ ನೋಂದಣಾಧಿಕಾರಿಗೆ ಕೊಡಬೇಕು. ಅರಣ್ಯ ಇಲಾಖೆಯಲ್ಲಿ ಸಂಘಗಳು ವೃಂದವಾರು ಬೆಳೆದಿವೆ: ಐ.ಎಫ್.ಎಸ್. ಅಧಿಕಾರಿಗಳಿಗೆ ಒಂದು, ರೇಂಜರುಗಳಿಗೆ ಒಂದು, ಉಪ ವಲಯ ಅರಣ್ಯಾಧಿಕಾರಿಗಳಿಗೆ ಒಂದು, ಗಾರ್ಡು ವಾಚರುಗಳಿಗೆ ಒಂದು. ಇವುಗಳ ಜೊತೆಗೆ ರಾಜ್ಯ ಸರ್ಕಾರಿ ನೌಕರರ ಸಂಘದ ತಾಲ್ಲೂಕು, ಜಿಲ್ಲಾ ಶಾಖೆಗಳಿಗೂ ಇಲಾಖೆಯ ಪ್ರತಿನಿಧಿಗಳು ಆರಿಸಿಹೋಗುತ್ತಾರೆ. ವರ್ಗಾವಣೆ, ಬಡ್ತಿ, ಸಮವಸ್ತ್ರ ಭತ್ಯೆ, ಕಾಡಿನಲ್ಲಿರುವವರಿಗೆ ವಿಶೇಷ ಭತ್ಯೆ, ಕ್ವಾರ್ಟರ್ಸ್, ಕ್ಯಾಂಪಿನ ರೇಷನ್ನು ಇವೆಲ್ಲ ಅವರ ಸಾಮಾನ್ಯ ವಿಷಯಗಳು.

ಈ ವ್ಯವಸ್ಥೆಯ ದೊಡ್ಡ ಕೊರತೆ ಅದರ ಅಂಚಿನಲ್ಲಿದೆ. ಕಳ್ಳಬೇಟೆ ತಡೆ ಶಿಬಿರದಲ್ಲಿ ಮಲಗಿ ಏಳುವವರಲ್ಲಿ ಬಹುಪಾಲು ಜನ ಕಾಯಂ ನೌಕರರಲ್ಲ. ದಿನಗೂಲಿ ವಾಚರು, ಹೊರಗುತ್ತಿಗೆ ವಾಚರು ಇವರೇ ಅಲ್ಲಿನ ಕೈಕಾಲು. ಕರ್ನಾಟಕದಿಂದಲೇ ಹೋದ ಉಮಾದೇವಿ ಪ್ರಕರಣದಲ್ಲಿ 2006ರ ಏಪ್ರಿಲ್ 10ರಂದು ಸುಪ್ರೀಂ ಕೋರ್ಟು ಹಿಂಬಾಗಿಲಿನ ಕಾಯಮಾತಿಗೆ ತಡೆ ಹಾಕಿತು. 2012ರಲ್ಲಿ ರಾಜ್ಯ ದಿನಗೂಲಿ ನೌಕರರ ಕ್ಷೇಮಾಭಿವೃದ್ಧಿ ಕಾಯ್ದೆ ತಂದು ಹಳಬರಿಗೆ ಒಂದಿಷ್ಟು ಭದ್ರತೆ ಕೊಟ್ಟಿತು. ಅದರ ಆಚೆ ಉಳಿದವರಿಗೆ ಇಲಾಖೆ ಸಂಬಳ ಕೊಡುವುದಿಲ್ಲ, ಏಜೆನ್ಸಿ ಕೊಡುತ್ತದೆ. ಅವರು ಯಾವ ವೃಂದಕ್ಕೂ ಸೇರಿಲ್ಲವಾದ್ದರಿಂದ ವೃಂದ ಸಂಘಗಳ ಸದಸ್ಯತ್ವದ ಪಟ್ಟಿಯಲ್ಲಿ ಅವರಿಗೆ ಜಾಗ ಸಿಗುವುದು ಕಷ್ಟ.

ಹುಲಿ ಸಂರಕ್ಷಿತ ಪ್ರದೇಶಗಳಿಗೆ ಈಗ ಇನ್ನೊಂದು ಆಡಳಿತ ವ್ಯವಸ್ಥೆಯೂ ಇದೆ. 2006ರಲ್ಲಿ ತಿದ್ದಿದ ವನ್ಯಜೀವಿ ಕಾಯ್ದೆಯಂತೆ ಪ್ರತಿ ಸಂರಕ್ಷಿತ ಪ್ರದೇಶಕ್ಕೂ ಒಂದು ಹುಲಿ ಸಂರಕ್ಷಣಾ ಪ್ರತಿಷ್ಠಾನ. ಸಫಾರಿಯಿಂದ ಬಂದ ಹಣ ಅಲ್ಲಿಗೆ ಸೇರಿ ಅದೇ ಕಾಡಿಗೂ ಸುತ್ತಲ ಜನರಿಗೂ ಖರ್ಚಾಗಬೇಕು. ಖಜಾನೆಯಿಂದ ಹಣ ಬರುವುದು ತಡವಾದಾಗ ಕ್ಯಾಂಪಿನ ಅಗತ್ಯಗಳಿಗೆ ಆಸರೆಯಾಗಬಲ್ಲ ವ್ಯವಸ್ಥೆ ಇದು. ಹುಲಿ ಸಂರಕ್ಷಿತ ಪ್ರದೇಶವೆಂದು ಘೋಷಣೆಯಾಗದ ಮಲೆ ಮಹದೇಶ್ವರದಂಥ ಕಾಡಿಗೆ ಈ ಆಸರೆ ಇಲ್ಲ.

2025 ಕಲಿಸಿದ್ದು

2022ರ ಗಣತಿಯಂತೆ ಬಂಡೀಪುರದಲ್ಲಿ 150 ಹುಲಿ; ಕಾರ್ಬೆಟ್ಟಿನ ನಂತರ ದೇಶದಲ್ಲಿ ಎರಡನೆಯ ಸ್ಥಾನ. ಅರ್ಧ ಶತಮಾನದ ದುಡಿಮೆಯ ಫಲ ಇದು. ಹೆಚ್ಚಿದ ಹುಲಿಗೆ ಕಾಡು ಹೆಚ್ಚಲಿಲ್ಲವಾದ್ದರಿಂದ ಫಲದ ಭಾರ ಕಾಡಂಚಿನ ಊರುಗಳ ಮೇಲೂ ಬಿತ್ತು.

2025ರ ಜೂನ್ 26ರಂದು ಮಲೆ ಮಹದೇಶ್ವರ ಧಾಮದ ಹೂಗ್ಯಂ ವಲಯದಲ್ಲಿ ತಾಯಿ ಹುಲಿಯೂ ನಾಲ್ಕು ಮರಿಗಳೂ ವಿಷವಿಕ್ಕಿದ ದನದ ಮಾಂಸ ತಿಂದು ಸತ್ತುಬಿದ್ದಿದ್ದವು. ಗಸ್ತು ತಿರುಗುವ ಹೊರಗುತ್ತಿಗೆಯವರಿಗೆ ತಿಂಗಳುಗಟ್ಟಲೆ ಸಂಬಳವಾಗಿರಲಿಲ್ಲ ಎಂಬ ಸಂಗತಿ ಆಗ ರಾಜ್ಯದೆಲ್ಲೆಡೆ ಚರ್ಚೆಯಾಯಿತು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಗುಂಡ್ಲುಪೇಟೆ ತಾಲ್ಲೂಕಿನ ಬೊಮ್ಮಲಾಪುರದಲ್ಲಿ, ದೂರು ಕೊಟ್ಟರೂ ಹುಲಿ ಹಿಡಿಯಲಿಲ್ಲವೆಂದು ಸಿಟ್ಟಾದ ಜನ, ಹುಲಿಗೆಂದು ಇಟ್ಟಿದ್ದ ಬೋನಿಗೆ ಅರಣ್ಯ ಸಿಬ್ಬಂದಿಯನ್ನೇ ಕೂಡಿಹಾಕಿದರು. ಹೂಗ್ಯಂನಲ್ಲಿ ವಾಚರಿನ ಅಳಲು ಮೇಲಕ್ಕೆ ಮುಟ್ಟಿರಲಿಲ್ಲ. ಬೊಮ್ಮಲಾಪುರದಲ್ಲಿ ಊರಿನ ಅಳಲು. ಎರಡು ಕಡೆಯೂ ಕಷ್ಟ ಅನುಭವಿಸಿದವರು ಏಣಿಯ ಕೊನೆಯ ಮೆಟ್ಟಿಲಿನವರು.

ಸಂಘಗಳು ಮಾಡಬಹುದಾದ ಕೆಲಸ ಇಲ್ಲಿಂದ ಸ್ಪಷ್ಟವಾಗಿಯೇ ಕಾಣುತ್ತದೆ. ವೃಂದ ಸಂಘಗಳು ಹೊರಗುತ್ತಿಗೆ ಮತ್ತು ದಿನಗೂಲಿ ವಾಚರುಗಳನ್ನು ಸಹಸದಸ್ಯರನ್ನಾಗಿ ಸೇರಿಸಿಕೊಳ್ಳಲು ಬೈಲಾ ತಿದ್ದಬಹುದು. ರೇಂಜುವಾರು ಸಂಬಳ ಪಾವತಿಯ ದಿನಾಂಕವನ್ನು ಪ್ರತಿ ತಿಂಗಳು ಬರೆದಿಟ್ಟು, ತಡವಾದರೆ ಅದನ್ನು ವೃತ್ತ ಕಚೇರಿಯ ಮುಂದಿಡಬಹುದು. ನಿವೃತ್ತರಾದ ವಾಚರು, ಜಾಡುಗಾರರು, ಮಾವುತರು, ಕಾವಾಡಿಗಳ ನೆನಪುಗಳನ್ನು ಅವರಿರುವಾಗಲೇ ದಾಖಲಿಸಬಹುದು; ಬೂದಿಪಡಗದಿಂದ ಗೋಪಿನಾಥಂವರೆಗಿನ ಎಷ್ಟೋ ಸಂಗತಿಗಳು ಬರಹದಲ್ಲಿಲ್ಲ, ಅವರ ಬಾಯಲ್ಲಷ್ಟೇ ಇವೆ. ಗ್ರಾಮಸಭೆ, ಲ್ಯಾಂಪ್ಸ್ ಸಂಘ, ಅರಣ್ಯ ನೌಕರರ ಸಂಘ ವರ್ಷಕ್ಕೆ ಒಮ್ಮೆಯಾದರೂ ಒಂದೇ ಚಾಪೆಯ ಮೇಲೆ ಕೂರಬಹುದು.

ಇವುಗಳಲ್ಲಿ ಯಾವುದಕ್ಕೂ ಹೊಸ ಕಾನೂನು ಬೇಡ, ದೊಡ್ಡ ಅನುದಾನವೂ ಬೇಡ. 1960ರ ಕಾಯ್ದೆ ಹೇಳುವ ಸರ್ವಸದಸ್ಯರ ಸಭೆಯಲ್ಲೇ ನಿರ್ಣಯ ಮಾಡಬಹುದಾದ ಸಂಗತಿಗಳು ಇವೆಲ್ಲ. ಮುಂದಿನ ಸಭೆಯ ಕಾರ್ಯಸೂಚಿಯಲ್ಲಿ ಜ್ಯೇಷ್ಠತಾ ಪಟ್ಟಿಗಿಂತ ಮೇಲೆ ವಾಚರಿನ ಸಂಬಳದ ವಿಷಯ ಬಂದರೆ, ಶ್ರೀನಿವಾಸ್ ಅವರ ಹೆಸರು ಓದಿದ್ದಕ್ಕೂ ಒಂದು ಅರ್ಥ ಬಂದೀತು.